ಸುಷುಪ್ತಿಯ ಆನಂದ ಮತ್ತು ಆನಂದಮೈಡ್

ರಾತ್ರಿ ನಮ್ಮ ಮನೆಯಲ್ಲಿ ತಂಗಿದ ನೆಂಟರನ್ನು ಬೆಳಗಾದೊಡನೆ ಬಳ್ಳಾರಿ ಸೀಮೆಯವರು ಮೊದಲು ಕೇಳುವುದು, "ನಿದ್ದಿ ಚೆಂದಾಗಿ ಆತೇನ್ರಿ?" ಎಂದು. ನೆಂಟರೂ "ಹೂಂ, ಚೆಂದಾಗಿ ಆತು, ಏನೂ ಗೊತ್ತಾಗಲಿಲ್ಲ" ಎನ್ನುತ್ತಾರೆ. ಇದು ಉಪಚಾರದ ಮಾತು. ಆದರೆ ಸ್ವಲ್ಪ ನಿಂತು ಯೋಚಿಸಿದರೆ ಇದರೊಳಗೊಂದು ಒಗಟಿದೆ. ಏನೂ ಗೊತ್ತಾಗದಿದ್ದವನಿಗೆ ಚೆನ್ನಾಗಿತ್ತೆಂದು ಗೊತ್ತಾದುದು ಹೇಗೆ?

ವೇದಾಂತಿಗಳು ಈ ಒಗಟನ್ನು ಬಹಳ ಹಿಂದೆಯೇ ಕೈಗೆತ್ತಿಕೊಂಡಿದ್ದರು. ಮಾಂಡೂಕ್ಯೋಪನಿಷತ್ತು ಜಾಗೃತ್, ಸ್ವಪ್ನ, ಸುಷುಪ್ತಿ ಎಂದು ಅವಸ್ಥೆಗಳನ್ನು ವಿಂಗಡಿಸಿ, ಕನಸಿಲ್ಲದ ಗಾಢನಿದ್ದೆಯಲ್ಲಿರುವ ಜೀವನನ್ನು ಆನಂದಮಯನೆಂದು ಕರೆಯುತ್ತದೆ. ವಿಜಯನಗರದ ಇತಿಹಾಸದೊಡನೆ ಬೆಸೆದುಕೊಂಡಿರುವ ವಿದ್ಯಾರಣ್ಯರ ಹೆಸರಿನಲ್ಲಿ ಪ್ರಸಿದ್ಧವಾದ 'ಪಂಚದಶೀ' ಗ್ರಂಥದ ಕೊನೆಯ ಐದು ಪ್ರಕರಣಗಳ ವಿಷಯವೇ ಆನಂದ. ಅವುಗಳಲ್ಲಿ ಮೊದಲನೆಯದರಲ್ಲಿ ಗಾಢನಿದ್ದೆಯ ಸುಖಕ್ಕೆ ಉಪನಿಷತ್ತುಗಳಿಂದ ಆಯ್ದ ದೃಷ್ಟಾಂತಗಳ ಒಂದು ಸಾಲೇ ಇದೆ. ನನಗೆ ಬಹಳ ಹಿಡಿಸಿದ್ದು ಹಕ್ಕಿಯದು. ದಾರದಿಂದ ಕಟ್ಟಿದ ಹಕ್ಕಿ ನಾಲ್ಕು ದಿಕ್ಕಿಗೂ ಹಾರಿ, ಎಲ್ಲಿಯೂ ನೆಲೆ ಕಾಣದೆ ದಣಿದು, ಕಟ್ಟಿದ ಜಾಗಕ್ಕೇ ಮರಳಿ ಬಂದು ಕೂರುತ್ತದೆ. ದಿನವೆಲ್ಲ ಅಲೆದ ಮನಸ್ಸೂ ಹಾಗೆಯೇ. ಹಂಪಿ 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ಆದರೂ ನನ್ನ ವಯಸ್ಸಿನವರಿಗೆ ವಿದ್ಯಾರಣ್ಯರು ಇನ್ನೂ ನಮ್ಮ ಜಿಲ್ಲೆಯವರೇ!

ಇದನ್ನು ಈಗ ಬರೆಯಲು ಕಾರಣವಿದೆ. ಸಿರುಗುಪ್ಪದಲ್ಲಿ ನನ್ನಲ್ಲಿ ಓದಿದ ಹುಡುಗನೊಬ್ಬ (ಹುಡುಗನೆಂದರೂ ಅವನಿಗೀಗ ಐವತ್ತು ದಾಟಿದೆ) ಮೊಬೈಲಿನಲ್ಲಿ ಒಂದು ಸಂದೇಶವನ್ನು ಕಳುಹಿಸಿದ್ದ. ಮನುಷ್ಯನ ಮೆದುಳಿನಲ್ಲಿಯೇ ಗಾಂಜಾದಂತಹ ವಸ್ತುವೊಂದಿದೆಯೆಂದೂ, ವಿಜ್ಞಾನಿಗಳು ಅದಕ್ಕೆ ನಮ್ಮ 'ಆನಂದ' ಶಬ್ದದ ಹೆಸರನ್ನೇ ಇಟ್ಟಿದ್ದಾರೆಂದೂ, ಆದ್ದರಿಂದ ಗಾಂಜಾ ಸೇದುತ್ತಿದ್ದ ನಮ್ಮ ಸಾಧುಗಳು ವಿಜ್ಞಾನಕ್ಕಿಂತ ಮುಂದಿದ್ದರೆಂದೂ ಅದರಲ್ಲಿತ್ತು. ಕೆಳಗೆ ಅವನದೇ ಪ್ರಶ್ನೆ: "ಸರ್, ನಮ್ಮ ಅಪ್ಪಾಜಿಗೆ ನಿದ್ದೆ ಬರ್ತಿಲ್ಲ. ಒಬ್ಬರು ಇದನ್ನ ಕೊಡ್ರಿ ಅಂತಾರೆ. ಕೊಡಬಹುದಾ?" ಅವನ ತಂದೆಯನ್ನು ನಾನು ಬಲ್ಲೆ. ಕಾಲುವೆಯ ಕೊನೆಯ ಭಾಗದಲ್ಲಿ ಭತ್ತದ ಗದ್ದೆ. ನಲವತ್ತು ವರ್ಷ ರಾತ್ರಿಯೆನ್ನದೆ ನೀರು ಕಟ್ಟಿದ ಮನುಷ್ಯ. ನಾನು ಪಾಠ ಹೇಳಿದ್ದು ಕನ್ನಡ ಮತ್ತು ಚರಿತ್ರೆ, ವಿಜ್ಞಾನವಲ್ಲ. ಆದರೂ ಈ ಸಂದೇಶದಲ್ಲಿ ಮೊದಲ ಎರಡು ಮಾತು ಪೂರ್ತಿ ನಿಜ, ಮೂರನೆಯದು ಮಾತ್ರ ಅವುಗಳ ಬೆನ್ನೇರಿ ಬಂದದ್ದು ಎಂಬುದು ಕಂಡಿತು. ಇದರ ಚರಿತ್ರೆಯನ್ನು ತಿಳಿದರೆ ಆ ಮೂರನೆಯ ಮಾತಿನ ಬೆಲೆಯೂ ತಿಳಿದೀತು.

ಮೊದಲು ಸೊಪ್ಪಿನ ಕಥೆ. ಕನ್ನಡದಲ್ಲಿ ಭಂಗಿ ಎಂದರೂ ಗಾಂಜಾ ಎಂದರೂ ಗಿಡ ಒಂದೇ. ನಮ್ಮ ಗಡಿಯ ತೆಲುಗರ ಬಾಯಲ್ಲಿ ಅದು ಗಂಜಾಯಿ. ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ಅದಕ್ಕೆ ಭಂಗಾ, ವಿಜಯಾ ಎಂಬ ಹೆಸರುಗಳಿವೆ. ಶಾರ್ಙ್ಗಧರ ಸಂಹಿತೆ ಅದನ್ನು ಅಫೀಮಿನ ಜೊತೆಗಿಟ್ಟು 'ವ್ಯವಾಯಿ' ಎಂದು ವರ್ಗೀಕರಿಸುತ್ತದೆ. ಜೀರ್ಣವಾಗುವ ಮೊದಲೇ ಮೈಯೆಲ್ಲ ವ್ಯಾಪಿಸಿಬಿಡುವ ವಸ್ತುವೆಂದು ಆ ಶಬ್ದದ ಅರ್ಥ. ಈ 'ಮೈಯೆಲ್ಲ ವ್ಯಾಪಿಸುವುದು' ಎಂಬುದನ್ನು ಓದುಗರು ದಯಮಾಡಿ ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ನಮ್ಮ ಉತ್ತರದ ಸೀಮೆಯಲ್ಲಿ ಈ ಸೊಪ್ಪಿಗೆ ಅವಧೂತ, ಆರೂಢ ಪರಂಪರೆಗಳೊಡನೆ ನಂಟಿತ್ತು. ಯಾದಗಿರಿ ಜಿಲ್ಲೆಯಲ್ಲಿ ಕೃಷ್ಣಾ ತೀರದ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಅದು ಪ್ರಸಾದದಂತೆ ಸಲ್ಲುತ್ತದೆಯೆಂದು 2020ರಲ್ಲಿ ಪತ್ರಿಕೆಗಳೆಲ್ಲ ಬರೆದವು. ಶಿಶುನಾಳ ಶರೀಫ ಸಾಹೇಬರು ಸೇದುವ ಗುಡುಗುಡಿಯನ್ನೇ ದೇಹಕ್ಕೆ ರೂಪಕ ಮಾಡಿ ಹಾಡಿದರು. ಅವರು ಹೇಳಿದ್ದು ದೇಹದ ವಿಷಯ, ಗುಡುಗುಡಿ ಬರಿಯ ನೆಪ. ಹಾಡಿಕೊಂಡು ಸೇದುವವರಿಗೆ ಇದನ್ನು ಹೇಳುವವರಾರು?

ಸರ್ಕಾರದ ಕಣ್ಣು ಇದರ ಮೇಲೆ ಬಿದ್ದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಬಳ್ಳಾರಿ ಆಗ ಮದ್ರಾಸ್ ಆಧಿಪತ್ಯದ ಜಿಲ್ಲೆ. 1800ರಲ್ಲಿ ನಿಜಾಮನು ಕುಂಪಣಿಗೆ ಬಿಟ್ಟುಕೊಟ್ಟ ಸೀಮೆಗಳಲ್ಲೊಂದು. ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಗಾಂಜಾದಿಂದ ಜನ ಹುಚ್ಚರಾಗುತ್ತಿದ್ದಾರೆಂಬ ಕೂಗು ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಎದ್ದಿತು. ಅದರಿಂದಾಗಿ 1893ರಲ್ಲಿ ಒಂದು ಆಯೋಗ ನೇಮಕವಾಯಿತು. ಮ್ಯಾಕ್‌ವರ್ತ್ ಯಂಗ್ ಅದರ ಅಧ್ಯಕ್ಷ. ಮದ್ರಾಸನ್ನೂ ಸೇರಿಸಿ ಪ್ರಾಂತ ಪ್ರಾಂತಗಳಲ್ಲಿ ಸಾವಿರಕ್ಕೂ ಮಿಕ್ಕಿದ ಸಾಕ್ಷಿಗಳನ್ನು ಕೇಳಿ, 1894ರಲ್ಲಿ ಸಂಪುಟಗಟ್ಟಲೆ ವರದಿ ಕೊಟ್ಟರು. ಹುಚ್ಚಾಸ್ಪತ್ರೆಗಳ ದಾಖಲೆಗಳನ್ನು ತೆಗೆದು ನೋಡಿದಾಗ, ಕಾರಣ ತಿಳಿಯದ ಕಡೆಯಲ್ಲೆಲ್ಲ 'ಗಾಂಜಾ' ಎಂದು ಬರೆದು ಕೈತೊಳೆದುಕೊಂಡ ಉದಾಹರಣೆಗಳು ಬೇಕಾದಷ್ಟು ಸಿಕ್ಕವು. ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ, ಅತಿಯಾದದ್ದರಿಂದ ಹಾನಿಯಿದೆ, ಪೂರ್ಣ ನಿಷೇಧ ಬೇಡ ಎಂದು ಆಯೋಗ ತೀರ್ಮಾನಿಸಿತು. ಸುಂಕದ ಆದಾಯವೂ ಉಳಿಯಿತು, ಬಿಡಿ. ಚರಿತ್ರೆಯ ಮಾಸ್ತರನಾಗಿ ನನಗೆ ಆ ವರದಿಯಲ್ಲಿ ಮೆಚ್ಚುಗೆಯಾದುದು ತೀರ್ಮಾನಕ್ಕಿಂತ ಅದರ ವಿಧಾನ. ದಾಖಲೆಯಲ್ಲಿ ಬರೆದಿದೆಯೆಂದ ಮಾತ್ರಕ್ಕೆ ಅವರು ನಂಬಲಿಲ್ಲ.

ಅದಕ್ಕೂ ಅರ್ಧ ಶತಮಾನ ಮೊದಲು, 1839ರಲ್ಲಿ, ಕಲ್ಕತ್ತೆಯ ಮೆಡಿಕಲ್ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ವಿಲಿಯಂ ಓಶಾಘ್ನೆಸಿ ಈ ಗಿಡದ ಮೇಲೆ ಪ್ರಯೋಗಗಳನ್ನು ನಡೆಸಿ ಬರೆದಿದ್ದ. ಭಾರತಕ್ಕೆ ತಂತಿಯನ್ನು ತಂದವನೂ ಇವನೇ. ಮಧ್ಯಮ ಗಾತ್ರದ ನಾಯಿಯೊಂದಕ್ಕೆ ನೇಪಾಳದ ಚರಸ್ಸನ್ನು ಮದ್ಯಸಾರದಲ್ಲಿ ಕರಗಿಸಿ ಕೊಟ್ಟ. ಅರ್ಧ ಗಂಟೆಯಲ್ಲಿ ಅದು ಮಂಕಾಗಿ ತೂಕಡಿಸತೊಡಗಿತು. ನಡುನಡುವೆ ಬೆಚ್ಚಿ ಎದ್ದು ಬಾಲವಾಡಿಸಿ ಮತ್ತೆ ತೂಕಡಿಸಿತು. ಅನ್ನವಿಟ್ಟರೆ ಆತುರದಿಂದ ತಿಂದಿತು. ನಿದ್ದೆ ಮತ್ತು ಹಸಿವು ಜೊತೆಯಾಗಿ ಬಂದ ಈ ಟಿಪ್ಪಣಿಯ ಅರ್ಥ ಬಿಡಿಸಲು ನೂರಾ ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು.

ಗಿಡದೊಳಗಿನ ಮುಖ್ಯ ಮಾದಕವನ್ನು ಶುದ್ಧವಾಗಿ ಬೇರ್ಪಡಿಸಿ ಅದರ ರಚನೆಯನ್ನು ತಿಳಿಸಿದ್ದು 1964ರಲ್ಲಿ. ಇಸ್ರೇಲಿನ ರಾಫೇಲ್ ಮೆಕೂಲಂ ಮತ್ತು ಯೆಹಿಯೆಲ್ ಗಾವೊನಿ ಆ ಕೆಲಸ ಮಾಡಿದವರು. ಆ ವಸ್ತುವಿನ ಚಿಕ್ಕ ಹೆಸರು ಟಿ.ಎಚ್.ಸಿ. ಮೆಕೂಲಂ 1930ರಲ್ಲಿ ಬಲ್ಗೇರಿಯಾದಲ್ಲಿ ಹುಟ್ಟಿದವರು, 2023ರಲ್ಲಿ ತೀರಿಕೊಂಡರು. ಪ್ರಯೋಗಕ್ಕೆ ಬೇಕಾದ ಐದು ಕಿಲೋ ಚರಸ್ಸನ್ನು ಪೊಲೀಸರಿಂದಲೇ ಪಡೆದು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತಂದರಂತೆ. ಪಕ್ಕದವರು ಇದೇನು ವಾಸನೆಯೆಂದು ಮೂಗರಳಿಸಿದರಂತೆ. ಈ ಕಥೆಯನ್ನು ಅವರು ಮುಪ್ಪಿನಲ್ಲಿಯೂ ಹೇಳಿ ನಗುತ್ತಿದ್ದರು.

ಆದರೆ ಗಿಡದ ರಸ ಮೆದುಳಿನಲ್ಲಿ ಕೆಲಸ ಮಾಡಬೇಕಾದರೆ ಅದಕ್ಕೆ ಹೊಂದುವ ಬೀಗ ಅಲ್ಲಿರಬೇಕಲ್ಲವೇ? 1988ರಲ್ಲಿ ಅಮೆರಿಕೆಯ ಆಲಿನ್ ಹೌಲೆಟ್ ಮತ್ತು ಅವರ ಶಿಷ್ಯ ವಿಲಿಯಂ ಡಿವೇನ್ ಇಲಿಯ ಮೆದುಳಿನಲ್ಲಿ ಆ ಬೀಗ, ಅಂದರೆ ಗ್ರಾಹಕ, ಇರುವುದನ್ನು ತೋರಿಸಿದರು. 1990ರಲ್ಲಿ ಲೀಸಾ ಮತ್ಸುದಾ ಮತ್ತು ಸಂಗಡಿಗರು ಅದರ ಜೀನನ್ನು ಗುರುತಿಸಿದರು. ಈಗ ಅದಕ್ಕೆ ಸಿ.ಬಿ. ಒಂದು ಎಂದು ಹೆಸರು. ಇಲ್ಲಿ ಸಹಜವಾದ ಮುಂದಿನ ಪ್ರಶ್ನೆ ಬಂದಿತು. ಎಲ್ಲಿಯೋ ಬೆಟ್ಟದಲ್ಲಿ ಬೆಳೆಯುವ ಗಿಡಕ್ಕಾಗಿ ಪ್ರಕೃತಿ ಮೆದುಳಿನಲ್ಲಿ ಬೀಗ ಮಾಡಿಟ್ಟಿರಲಾರದು, ದೇಹದ್ದೇ ಆದ ಕೀಲಿ ಯಾವುದು? ಡಿವೇನ್ ಜೆರುಸಲೇಮಿಗೆ ಹೋಗಿ ಮೆಕೂಲಂ ಅವರನ್ನು ಸೇರಿದರು. ಚೆಕ್ ದೇಶದ ಲುಮೀರ್ ಹಾನುಶ್ ಕೂಡ ಅಲ್ಲಿದ್ದರು. ಹಂದಿಯ ಮೆದುಳುಗಳನ್ನು ಅರೆದು, ಸೋಸಿ, ಮತ್ತೆ ಸೋಸಿ, 1992ರಲ್ಲಿ ಕೊಬ್ಬಿನ ಜಾತಿಯ ಒಂದು ವಸ್ತುವನ್ನು ಹಿಡಿದರು. ಹೆಸರಿಡುವಾಗ ಸಂಸ್ಕೃತದ 'ಆನಂದ'ಕ್ಕೆ ರಸಾಯನಶಾಸ್ತ್ರದ 'ಅಮೈಡ್' ಸೇರಿಸಿದರು. ಹೀಗೆ ಆನಂದಮೈಡ್. ನಮ್ಮ ವ್ಯಾಕರಣದಲ್ಲಿ ಇದು ಯಾವ ಸಮಾಸವೆಂದು ಕೇಳಬೇಡಿ, ಅರಿಸಮಾಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 1995ರಲ್ಲಿ ಇದೇ ವರ್ಗದ ಇನ್ನೊಂದು ವಸ್ತು ಸಿಕ್ಕಿತು. ಅದಕ್ಕೆ ಪಾಪ, ಸಂಸ್ಕೃತ ಹೆಸರಿನ ಭಾಗ್ಯವಿಲ್ಲ. ಎರಡು-ಎ.ಜಿ. ಎನ್ನುತ್ತಾರೆ.

ಇವು ಕೆಲಸ ಮಾಡುವ ಬಗೆ ತುಂಗಭದ್ರಾ ಕಾಲುವೆಯವರಿಗೆ ಬೇಗ ಅರ್ಥವಾಗುತ್ತದೆ. ನರಕೋಶಗಳ ನಡುವೆ ಸಂದೇಶ ಸಾಮಾನ್ಯವಾಗಿ ಒಂದೇ ದಿಕ್ಕಿಗೆ ಹರಿಯುತ್ತದೆ, ಮೇಲಿನಿಂದ ಕೆಳಕ್ಕೆ ನೀರು ಹರಿದಂತೆ. ಕೆಳಗಿನ ಗದ್ದೆ ತುಂಬಿದಾಗ ರೈತ ಏನು ಮಾಡುತ್ತಾನೆ? ಮೇಲಕ್ಕೆ ಹೇಳಿಕಳುಹಿಸುತ್ತಾನೆ, "ಸಾಕು, ತೂಬು ಇಳಿಸು" ಎಂದು. ಸಂದೇಶವನ್ನು ಪಡೆಯುವ ಕೋಶ ಕಳುಹಿಸುವ ಕೋಶಕ್ಕೆ ಹಿಮ್ಮುಖವಾಗಿ ಹೇಳಿಕಳುಹಿಸುವ ಆ 'ಸಾಕು' ಎಂಬ ಮಾತೇ ಈ ವಸ್ತುಗಳು. ಈ ಹಿಮ್ಮುಖ ಸಂದೇಶವನ್ನು 2001ರಲ್ಲಿ ಮೂರು ಬೇರೆ ಬೇರೆ ತಂಡಗಳು ಒಂದೇ ವರ್ಷ ಕಂಡುಕೊಂಡವು. ಇವನ್ನು ಮೊದಲೇ ತಯಾರಿಸಿ ಕೂಡಿಡುವ ಉಗ್ರಾಣವಿಲ್ಲ. ಬೇಕಾದಾಗ, ಬೇಕಾದ ಜಾಗದಲ್ಲಿ, ಕೋಶದ ಪೊರೆಯ ಕೊಬ್ಬಿನಿಂದಲೇ ಹುಟ್ಟುತ್ತವೆ. ಕೆಲಸವಾದೊಡನೆ ಕಿಣ್ವಗಳು ಅವನ್ನು ಒಡೆದುಹಾಕುತ್ತವೆ. ಎಲ್ಲವೂ ಆ ಗದ್ದೆ, ಆ ತೂಬು, ಆ ಹೊತ್ತಿಗೆ ಮಾತ್ರ.

ಇನ್ನು ನಿದ್ದೆಗೆ ಬರೋಣ. 1996ರಲ್ಲಿ, ಸಿ.ಬಿ. ಒಂದು ಬೀಗವನ್ನು ಮುಚ್ಚಿಬಿಡುವ ಔಷಧವನ್ನು ಇಲಿಗಳಿಗೆ ಕೊಟ್ಟು ನೋಡಿದಾಗ ಅವು ಹೆಚ್ಚು ಹೊತ್ತು ಎಚ್ಚರವಿದ್ದವು. ಎಂದರೆ ಹೊರಗಿನಿಂದ ಏನನ್ನೂ ಕೊಡದಿದ್ದಾಗಲೂ ದೇಹದ್ದೇ ಆದ ಕೀಲಿ ಆ ಬೀಗದಲ್ಲಿ ನಿದ್ದೆಯ ಪರವಾಗಿ ತಿರುಗುತ್ತಿತ್ತೆಂದಾಯಿತು. 1998ರಲ್ಲಿ ಮೆಕ್ಸಿಕೋದ ಮುರಿಯೋ-ರೊಡ್ರಿಗೆಸ್ ಮತ್ತು ಪ್ರೊಸ್ಪೆರೊ-ಗಾರ್ಸಿಯಾ ಮುಂತಾದವರು ಇಲಿಯ ಮೆದುಳಿಗೆ ಆನಂದಮೈಡನ್ನು ನೇರವಾಗಿ ಕೊಟ್ಟರು. ಎಚ್ಚರ ಕಡಿಮೆಯಾಯಿತು. ಗಾಢನಿದ್ದೆಯೂ ಕನಸಿನ ನಿದ್ದೆಯೂ ಹೆಚ್ಚಿದವು. ಇದನ್ನು ಓದಿದಾಗ ನನ್ನ ಮೈ ಜುಮ್ಮೆಂದಿತು ಎಂದರೆ ಉತ್ಪ್ರೇಕ್ಷೆಯಲ್ಲ. ಜೆರುಸಲೇಮಿನಲ್ಲಿ ಹೆಸರಿಟ್ಟಾಗ ಅವರ ಮನಸ್ಸಿನಲ್ಲಿದ್ದುದು ಗಾಂಜಾದ ನಶೆ, ಸುಷುಪ್ತಿಯಲ್ಲ. ಹೆಸರು ಮಾತ್ರ ಮಾಂಡೂಕ್ಯದ ಜಾಗಕ್ಕೇ ಬಂದು ಕೂತಿತು. ಇದು ಕಾಕತಾಳೀಯ, ಋಷಿಗಳು ಆನಂದಮೈಡನ್ನು ಕಂಡಿದ್ದರೆಂದು ಯಾರೂ ಮುಂದಿನ ಸಂದೇಶ ಹರಿಬಿಡಬಾರದು. ಆದರೆ ಕಾಕತಾಳೀಯವೂ ಸೊಗಸಾಗಿರಬಾರದೆಂದೇನಿಲ್ಲ.

2003ರಲ್ಲಿ ಇನ್ನೊಂದು ಕೊಂಡಿ ಸಿಕ್ಕಿತು. ನಾವು ಎಚ್ಚರವಿದ್ದಷ್ಟು ಹೊತ್ತು ಮೆದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಕೂಡುತ್ತ ಹೋಗುತ್ತದೆ. ರೆಪ್ಪೆಯನ್ನು ಎಳೆಯುವುದು ಅದೇ. ಕಾಫಿ, ಚಹಾ ಅದಕ್ಕೆ ತಡೆಯೊಡ್ಡಿ ನಮ್ಮನ್ನು ಎಚ್ಚರವಿಡುತ್ತವೆ. ಆನಂದಮೈಡ್ ಕೊಟ್ಟಾಗ ಮೆದುಳಿನ ಬುಡದ ಒಂದು ಭಾಗದಲ್ಲಿ ಅಡಿನೋಸಿನ್ ಹೆಚ್ಚಿ ನಿದ್ದೆ ಬರುತ್ತದೆಯೆಂದು ತಿಳಿಯಿತು. ನಿದ್ದೆಗೆಡಿಸಿದ ಇಲಿಗಳು ಆಮೇಲೆ ಹೆಚ್ಚು ಮಲಗಿ ಸಾಲ ತೀರಿಸುತ್ತವೆ. ಸಿ.ಬಿ. ಒಂದು ಬೀಗವನ್ನು ಮುಚ್ಚಿದರೆ ಆ ಸಾಲದ ಒಂದು ಭಾಗ ತೀರುವುದೇ ಇಲ್ಲವೆಂದೂ ಪ್ರಯೋಗಗಳು ತೋರಿಸಿದವು.

ಈ ಸಾಲದ ಲೆಕ್ಕವನ್ನು ನಾನು ಕುರುಗೋಡಿನಲ್ಲಿ ಕಣ್ಣಾರೆ ಕಂಡಿದ್ದೇನೆ. ದೊಡ್ಡ ಬಸವೇಶ್ವರನ ಊರು ಅದು, ಏಕಶಿಲೆಯ ಆ ನಂದಿಯ ಮುಂದೆ ಮನುಷ್ಯ ಸಣ್ಣವನಾಗಿಬಿಡುತ್ತಾನೆ. ಶಿವರಾತ್ರಿಯ ಜಾಗರಣೆ, ಸುತ್ತಲ ಹಳ್ಳಿಗಳಲ್ಲಿ ಬಯಲಾಟ. ಆಟ ಶುರುವಾಗುವುದೇ ಹತ್ತು ಗಂಟೆಯ ಮೇಲೆ, ಮಂಗಳ ಹಾಡುವುದು ಸೂರ್ಯ ಮೂಡಿದ ಮೇಲೆ. ಮರುದಿನ ನನ್ನ ಎಂಟನೆಯ ತರಗತಿಯಲ್ಲಿ ಅರ್ಧ ಜನ ಗೈರುಹಾಜರು, ಬಂದವರಲ್ಲಿ ಅರ್ಧ ಜನ ಬೆಂಚಿನ ಮೇಲೆ ತಲೆಯಿಟ್ಟವರು. ಭೀಮನ ಪಾತ್ರಧಾರಿಯ ಮಗ ಮೊದಲ ಸಾಲಿನಲ್ಲಿಯೇ ಗೊರಕೆ ಹೊಡೆದ. ಎಬ್ಬಿಸಲಿಲ್ಲ. ಅಂದು ನಾನೂ ಆಟ ನೋಡಿದ್ದೆ! ಆದರೆ ಅದು ವರ್ಷಕ್ಕೆ ನಾಲ್ಕಾರು ರಾತ್ರಿಯ ಸಾಲ, ಎರಡು ದಿನದಲ್ಲಿ ತೀರುತ್ತಿತ್ತು. ಉಳಿದ ದಿನಗಳಲ್ಲಿ ಊಟವಾದೊಡನೆ ದೀಪ ಆರುತ್ತಿತ್ತು. ಬೇಸಿಗೆಯಲ್ಲಿ ಬಳ್ಳಾರಿಯ ಕಲ್ಲುಗುಡ್ಡ ಹಗಲು ಕುಡಿದ ಬಿಸಿಲನ್ನು ರಾತ್ರಿ ಉಗುಳುತ್ತಿರುವಾಗಲೂ, ಮಾಳಿಗೆಯ ಮೇಲೆ ಚಾಪೆ ಹಾಸಿ ಒಂದು ತಂಬಿಗೆ ನೀರಿಟ್ಟುಕೊಂಡು ಮಲಗಿದರೆ ನಡುರಾತ್ರಿಯ ತಂಗಾಳಿ ಹೊದಿಕೆಯನ್ನು ಕೇಳುತ್ತಿತ್ತು.

ಮನುಷ್ಯರ ಮೇಲಿನ ಒಂದು ಪ್ರಯೋಗವನ್ನು ಹೇಳಲೇಬೇಕು. ಶಿಕಾಗೋ ವಿಶ್ವವಿದ್ಯಾಲಯದವರು 14 ಜನ ಆರೋಗ್ಯವಂತ ಯುವಕ ಯುವತಿಯರ ರಕ್ತವನ್ನು ಹಗಲೂ ರಾತ್ರಿ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ನಾಲ್ಕು ರಾತ್ರಿ ಎಂಟೂವರೆ ಗಂಟೆ ಮಂಚದ ಮೇಲೆ, ಇನ್ನೊಮ್ಮೆ ನಾಲ್ಕು ರಾತ್ರಿ ನಾಲ್ಕೂವರೆ ಗಂಟೆ ಮಾತ್ರ. ಚೆನ್ನಾಗಿ ಮಲಗಿದಾಗ ಎರಡು-ಎ.ಜಿ. ನಡುನಿದ್ದೆಯಲ್ಲಿ ಅತ್ಯಂತ ಕಡಿಮೆಯಿದ್ದು, ಬೆಳಗಿನಿಂದ ಏರುತ್ತ ಮಧ್ಯಾಹ್ನದ ಹೊತ್ತಿಗೆ ಶಿಖರ ಮುಟ್ಟಿ ಇಳಿಯುತ್ತಿತ್ತು. ನಿದ್ದೆ ಕಡಿಮೆಯಾದಾಗ ಆ ಶಿಖರ ಇನ್ನೂ ಎತ್ತರವಾಯಿತು, ಸಂಜೆಯವರೆಗೂ ಇಳಿಯದೆ ನಿಂತಿತು. ಆ ಹೊತ್ತಿನಲ್ಲಿ ಕುರುಕಲು ತಿಂಡಿಯ ಆಸೆ ತಡೆಯಲು ಅವರಿಂದಾಗಲಿಲ್ಲ. ಓಶಾಘ್ನೆಸಿಯ ನಾಯಿ ತೂಕಡಿಸುತ್ತ ಅನ್ನಕ್ಕೆ ಆತುರಪಟ್ಟದ್ದು ನೆನಪಾಯಿತೇ? ರಾತ್ರಿ ಪಾಳಿ ಮುಗಿಸಿ ಬಂದವರು ಮಿರ್ಚಿ ಬಂಡಿಯ ಮುಂದೆ ನಿಲ್ಲುವುದಕ್ಕೆ ನಾಲಿಗೆಯ ಚಪಲ ಒಂದೇ ಕಾರಣವಲ್ಲವೆಂದು ಈಗ ಅನಿಸುತ್ತದೆ.

ಇಷ್ಟು ಸೂಕ್ಷ್ಮವಾದ ವ್ಯವಸ್ಥೆಗೆ ಹೊರಗಿನವರು ಕೈಹಾಕಿದಾಗ ಏನಾಯಿತೆಂಬುದಕ್ಕೂ ದಾಖಲೆಯಿದೆ. ಸಿ.ಬಿ. ಒಂದನ್ನು ಮುಚ್ಚುವ ರಿಮೊನಬಂಟ್ ಎಂಬ ಔಷಧ 2006ರಲ್ಲಿ ಯುರೋಪಿನಲ್ಲಿ ಬೊಜ್ಜು ಇಳಿಸಲೆಂದು ಮಾರುಕಟ್ಟೆಗೆ ಬಂದಿತು. ಬೊಜ್ಜೇನೋ ಇಳಿಯಿತು, ಜೊತೆಗೆ ಖಿನ್ನತೆ, ಆತಂಕ, ನಿದ್ರಾಹೀನತೆ ಬಂದವು. 2008ರಲ್ಲಿ ಅದನ್ನು ಹಿಂದಕ್ಕೆ ಪಡೆದರು. ಆನಂದಮೈಡನ್ನು ಒಡೆಯುವ ಕಿಣ್ವವನ್ನೇ ತಡೆದು ಅದನ್ನು ಹೆಚ್ಚಿಸೋಣವೆಂದು ಮಾಡಿದ ಒಂದು ಔಷಧದ ಪರೀಕ್ಷೆ 2016ರ ಜನವರಿಯಲ್ಲಿ ಫ್ರಾನ್ಸಿನ ರೆನ್ ನಗರದಲ್ಲಿ ನಡೆಯಿತು. ಆರೋಗ್ಯವಂತನಾಗಿ ಬಂದ ಒಬ್ಬ ಸ್ವಯಂಸೇವಕ ಸತ್ತ. ಇತರ ಕೆಲವರ ಮೆದುಳಿಗೆ ಪೆಟ್ಟಾಯಿತು. ಆ ಔಷಧ ಮೆದುಳಿನ ಬೇರೆ ಗುರಿಗಳನ್ನೂ ತಾಗಿರಬೇಕೆಂಬುದು ಆಮೇಲಿನ ಸಂಶೋಧಕರ ಅಭಿಪ್ರಾಯ.

ಸೊಪ್ಪಿನ ವಿಷಯವೂ ಇಲ್ಲಿಯೇ ಇತ್ಯರ್ಥವಾಗುತ್ತದೆ. ಟಿ.ಎಚ್.ಸಿ. ಅದೇ ಬೀಗಕ್ಕೆ ಹೊಂದುವ ಕೀಲಿಯಾದರೂ ಒಂದು ಗದ್ದೆಯನ್ನು ನೋಡಿ ಒಂದು ತೂಬನ್ನು ಇಳಿಸುವುದಿಲ್ಲ. ಕಾಲುವೆಯುದ್ದಕ್ಕೂ ಇರುವ ತೂಬುಗಳನ್ನೆಲ್ಲ ಒಟ್ಟಿಗೆ ಮುಟ್ಟುತ್ತದೆ. ಬೇಗ ಒಡೆದುಹೋಗುವುದೂ ಇಲ್ಲ. 'ವ್ಯವಾಯಿ' ಎಂದ ಶಾರ್ಙ್ಗಧರ ಗ್ರಾಹಕವನ್ನು ಕಾಣದೆಯೂ ಸರಿಯಾದ ಶಬ್ದವನ್ನೇ ಹಾಕಿದ್ದ. ಮೊದಲ ದಿನಗಳಲ್ಲಿ ನಿದ್ದೆ ಬೇಗ ಹತ್ತುತ್ತದೆ, ನಿಜ. ದಿನವೂ ತೆಗೆದುಕೊಂಡರೆ ಮೆದುಳು ಬೀಗಗಳನ್ನು ಕಡಿಮೆ ಮಾಡಿಕೊಳ್ಳುತ್ತದೆ, ಅದೇ ಪ್ರಮಾಣ ಸಾಲದಾಗುತ್ತದೆ. ಕನಸಿನ ನಿದ್ದೆ ಕುಗ್ಗುತ್ತದೆ. ಬಿಟ್ಟೊಡನೆ ನಿದ್ದೆ ಹಾರಿಹೋಗಿ, ಬಂದಷ್ಟು ನಿದ್ದೆಯಲ್ಲಿ ಕನಸುಗಳು ಮುತ್ತುತ್ತವೆ. 2018ರಲ್ಲಿ ಅಮೆರಿಕೆಯ ನಿದ್ರಾವೈದ್ಯರ ಸಂಸ್ಥೆ, ನಿದ್ದೆಯಲ್ಲಿ ಉಸಿರುಕಟ್ಟುವ ರೋಗಕ್ಕೆ ಗಾಂಜಾವನ್ನು ಬಳಸಬಾರದೆಂದು ಸ್ಪಷ್ಟವಾಗಿ ಹೇಳಿತು. ನಮ್ಮ ದೇಶದ 1985ರ ಕಾನೂನು ಹೂತೆನೆಯ ಗಾಂಜಾವನ್ನೂ ಚರಸ್ಸನ್ನೂ ನಿರ್ಬಂಧಿಸುತ್ತದೆ. ಬರಿಯ ಎಲೆ ಆ ವ್ಯಾಖ್ಯೆಯೊಳಗೆ ಬರುವುದಿಲ್ಲವಾದ್ದರಿಂದ ಆಯುರ್ವೇದದ ಪರವಾನಗಿಯಲ್ಲಿ 'ವಿಜಯಾ' ತೈಲಗಳು ವೈದ್ಯರ ಚೀಟಿಯ ಮೇಲೆ ಮಾರಾಟವಾಗುತ್ತಿವೆ. ಚೀಟಿ ಬರೆಯುವ ವೈದ್ಯರು ಬೇರೆ, ಮೊಬೈಲಿನ ಸಂದೇಶ ಬೇರೆ. ಎಪ್ಪತ್ತು ದಾಟಿದ, ರಕ್ತದೊತ್ತಡದ ಮಾತ್ರೆ ನುಂಗುವವರಿಗಂತೂ ಯಾರೋ ಪೊಟ್ಟಣದಲ್ಲಿ ತಂದುಕೊಟ್ಟದ್ದನ್ನು ಕೊಡತಕ್ಕದ್ದಲ್ಲ. ನನ್ನ ವಿದ್ಯಾರ್ಥಿಗೆ ಇಷ್ಟನ್ನೂ ಬರೆದು, ತಂದೆಯನ್ನು ಬಳ್ಳಾರಿಗೆ ಕರೆತಂದು ತಜ್ಞರಿಗೆ ತೋರಿಸೆಂದೂ, ರಾತ್ರಿ ಗೊರಕೆಯ ನಡುವೆ ಉಸಿರು ನಿಲ್ಲುತ್ತದೆಯೇ ಎಂಬುದನ್ನು ತಾಯಿಯನ್ನು ಕೇಳಿ ತಿಳಿದುಕೊಂಡು ಬಾ ಎಂದೂ ಹೇಳಿದೆ.

ಅವರ ನಿದ್ದೆ ಕೆಟ್ಟದ್ದು ಈಚಿನದಲ್ಲವೆಂದು ನನ್ನ ಗುಮಾನಿ. 1953ರಲ್ಲಿ ಅಣೆಕಟ್ಟೆಯಿಂದ ನೀರು ಬಿಟ್ಟ ಮೇಲೆ ಜೋಳ, ಹತ್ತಿಯ ಸಿರುಗುಪ್ಪ ಭತ್ತದ ಸಿರುಗುಪ್ಪವಾಯಿತು. ಅಕ್ಕಿ ಗಿರಣಿಗಳು ಬಂದವು, ಸಾಲು ಸಾಲು ಲಾರಿಗಳು ಬಂದವು. ಮಳೆಯನ್ನು ನಂಬಿದ ಬೇಸಾಯದಲ್ಲಿ ರಾತ್ರಿ ಎದ್ದು ಮಾಡುವ ಕೆಲಸ ಕಡಿಮೆ. ಫಸಲು ಕಾಯಲು ಮಂಚಿಕೆಯ ಮೇಲೆ ಮಲಗಿದರೂ ಅದು ಕೆಲವೇ ವಾರಗಳ ಮಾತು. ಕಾಲುವೆಯ ನೀರು ಹಾಗಲ್ಲ. ಮೇಲಿನವರು ಹಗಲು ಕಟ್ಟಿಕೊಂಡು ಮಿಕ್ಕದ್ದು ಕೊನೆಯ ಗದ್ದೆಗೆ ಇಳಿಯುವುದು ಊರೆಲ್ಲ ಮಲಗಿದ ಮೇಲೆ. ಪಂಪ್‌ಸೆಟ್ಟಿನವರಿಗೆ ಕರೆಂಟು ಬರುತ್ತಿದ್ದುದೂ ಹೆಚ್ಚಾಗಿ ಆ ಹೊತ್ತಿನಲ್ಲಿಯೇ. ನನ್ನ ವಿದ್ಯಾರ್ಥಿಯ ತಂದೆ ಗಡಿಯಾರ ಕಟ್ಟಿದವರಲ್ಲ. ಕಾಲುವೆಯ ನೀರಿನ ಸದ್ದು ಬದಲಾದರೆ ಮಲಗಿದಲ್ಲಿಯೇ ಅವರಿಗೆ ತಿಳಿಯುತ್ತಿತ್ತಂತೆ. ಕಂದೀಲು ಹಿಡಿದು, ಸಲಿಕೆ ಹೆಗಲಿಗೇರಿಸಿ ಬದುವಿನ ಮೇಲೆ ನಡೆಯುತ್ತಿದ್ದುದು ರಾತ್ರಿ ಎರಡು, ಮೂರರ ಸುಮಾರಿಗೆ. ಶಿಕಾಗೋದವರ ನಕ್ಷೆಯಲ್ಲಿ ಎರಡು-ಎ.ಜಿ.ಯ ಗೆರೆ ತಳಮುಟ್ಟಿದ್ದ ನಡುನಿದ್ದೆಯ ಹೊತ್ತೂ ಹೆಚ್ಚುಕಡಿಮೆ ಅದೇ.